ಗೋಣಿ ಬಿಡು, ಮಾರಾಯ್ತಿ!

"ಮಲೆನಾಡಿನ ಮೊಟ್ಟಮೊದಲ ದರೋಡೆ ಸಿನಿಮಾ ತೆಗೆಯೋನು ಈ ವಿವೇಕ! ನೋಡ್ತಾ ಇರಿ, ಚಿಕ್ಕಮಗಳೂರಿಗೆ ಚಿಕ್ಕಮಗಳೂರೇ ಎದ್ದು ನಿಂತು ಚಪ್ಪಾಳೆ ಹೊಡೀತದೆ!"

ಬಣಕಲ್ಲಿನ ಕೃಷ್ಣಯ್ಯ ಮೇಷ್ಟ್ರ ಮಗ ವಿವೇಕ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಭಾನುವಾರದ ತಿಂಡಿಯ ಹೊತ್ತಿನಲ್ಲಿ, ಬಾಯಲ್ಲಿ ಅರ್ಧ ಕಡುಬು ಇಟ್ಟುಕೊಂಡು. ಹಾಗಾಗಿ ಮನೆಯವರಿಗೆ ಕೇಳಿಸಿದ್ದು 'ದರೋಡೆ' ಮತ್ತು 'ಹೊಡೀತದೆ' ಎಂಬ ಎರಡು ಮಾತು ಮಾತ್ರ.

"ಯಾರಿಗೆ ಹೊಡೀತಾರಂತೆ?" ಎಂದರು ಪೇಪರಿನ ಹಿಂದಿನಿಂದ ಕೃಷ್ಣಯ್ಯ.

"ಮೊದ್ಲು ಬಾಯಲ್ಲಿರೋದನ್ನ ನುಂಗು. ದರೋಡೆ ಆಮೇಲೆ ಮಾಡೀಯಂತೆ," ಎಂದರು ಅಮ್ಮ ಸುಬ್ಬಲಕ್ಷ್ಮಿ.

ಅದು ಎರಡು ಸಾವಿರದ ಮೂರನೇ ಇಸವಿ. ವಿವೇಕ ಮೂಡಿಗೆರೆಯಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದ, ಓದುತ್ತಿದ್ದ ಎನ್ನುವುದಕ್ಕಿಂತ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಎನ್ನುವುದು ಸರಿ. ಚಿಕ್ಕಮಗಳೂರಿನ ಕಾಲೇಜೊಂದು ವಿದ್ಯಾರ್ಥಿಗಳಿಗಾಗಿ ಕಿರುಚಿತ್ರ ಸ್ಪರ್ಧೆ ಇಟ್ಟಿತ್ತು. ಆ ನೋಟೀಸು ಓದಿದ ಗಳಿಗೆಯಿಂದ ವಿವೇಕ ಮನುಷ್ಯನಾಗಿ ಉಳಿಯದೆ ನಿರ್ದೇಶಕನಾಗಿಬಿಟ್ಟಿದ್ದ. ನಡೆಯುವಾಗ ಎರಡೂ ಕೈಯ ಬೆರಳುಗಳನ್ನು ಚೌಕ ಮಾಡಿ ಅದರೊಳಗಿಂದ ಜಗತ್ತನ್ನು ನೋಡುತ್ತಿದ್ದ. ಒಮ್ಮೆ ಹಾಗೆ ನೋಡುತ್ತಲೇ ಚರಂಡಿಗೆ ಇಳಿದಿದ್ದೂ ಉಂಟು.

ತಿಂಡಿ ಮುಗಿಯುವಷ್ಟರಲ್ಲಿ ಚಿತ್ರತಂಡ ಜಗಲಿಗೆ ಬಂದಿಳಿಯಿತು. ತಂಡವೆಂದರೆ ಇಬ್ಬರು. ಒಬ್ಬ ರಾಜೀವ, ಎಸ್ಟೇಟಿನ ತಿಮ್ಮಪ್ಪಗೌಡರ ಮಗ. ಅವನ ಹತ್ತಿರ ಅಪ್ಪನ ಜೀಪು ಮತ್ತು ಹ್ಯಾಂಡಿಕ್ಯಾಮ್ ಇದ್ದುದರಿಂದ ಅವನಿಲ್ಲದೆ ಸಿನಿಮಾ ಇಲ್ಲ. ಇನ್ನೊಬ್ಬಳು ಸಹಪಾಠಿ ಕೃತಿಕಾ. ಅವಳ ಬಾಯಿ ಎಷ್ಟು ಸಿಹಿಯೆಂದರೆ ಕಂಡಕ್ಟರ್ ಕೂಡ ಅವಳಿಗೆ ಚಿಲ್ಲರೆ ವಾಪಸ್ಸು ಕೊಡುತ್ತಿದ್ದ!

"ಮೊದ್ಲು ತೀರ್ಮಾನ ಆಗ್ಬೇಕಾದ್ದು, ಏನು ಕದಿಯೋದು?" ಎಂದ ನಿರ್ದೇಶಕ.

"ಬ್ಯಾಂಕು," ಎಂದಳು ಕೃತಿಕಾ.

"ಅಕೌಂಟ್ ಇರೋರನ್ನೇ ಮ್ಯಾನೇಜರ್ರು ಒಳಗೆ ಬಿಡಲ್ಲ, ಕ್ಯಾಮೆರಾ ತಗೊಂಡು ಹೋದ್ರೆ ಬಿಡ್ತಾರಾ?"

"ಹಂಗಾದ್ರೆ ರಾಜೀವನ ಗೋಡೌನಿನ ಕಾಫಿ?" ಎಂದಳು ಕೃತಿಕಾ.

ರಾಜೀವ ಕೈಮುಗಿದ. "ಬೇಡ ಮಾರಾಯ್ತಿ. ಈಗಿನ ರೇಟಿಗೆ ಯಾವ ಕಳ್ಳ ಕಾಫಿ ಮುಟ್ತಾನೆ? ಜೀಪಿನ ಡೀಸೆಲ್ಲೂ ಹುಟ್ಟಲ್ಲ. ಕಳ್ಳನಿಗೂ ಲುಕ್ಸಾನು! ಕದಿಯೋದಾದ್ರೆ ಕಾಳುಮೆಣಸು ಕದೀಬೇಕು."

ಹೀಗೆ ಮೆಣಸಿನ ಮೂಟೆಗಳ ಮಹಾದರೋಡೆ ಎಂದು ಸರ್ವಾನುಮತದಿಂದ ನಿಶ್ಚಯವಾಯಿತು. ಇನ್ನು ಹೆಸರು. ವಿವೇಕ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿ ಉಚ್ಚರಿಸಿದ.

"ಮಹಾಚೌರ್ಯ!"

ರಾಜೀವನ ಮುಖ ಸಪ್ಪಗಾಯಿತು. "ಎಂತ ಮಾರಾಯ, ಇಷ್ಟು ಹೊತ್ತು ದರೋಡೆ ದರೋಡೆ ಅಂದು ಈಗ ಕಟಿಂಗ್ ಶಾಪಿನ ಸಿನಿಮಾ ಅಂತೀಯಲ್ಲ?"

"ಚೌರ ಅಲ್ವೋ, ಚೌರ್ಯ! ಕಳ್ಳತನ!"

"ನಮ್ಮ ಎಸ್ಟೇಟಿನಲ್ಲಿ ಚೌರ ಅಂದ್ರೆ ತಲೆಕೂದ್ಲು ತೆಗೆಯೋದೇ. ಮಹಾಚೌರ ಅಂದ್ರೆ ಬೋಳಿಸೋದು."

ಹೆಸರಿನ ವಿಷಯ ಮುಂದೂಡಲಾಯಿತು. ಇನ್ನು ಪಾತ್ರಗಳು. ಉಪಾಯ ಹೂಡುವ ಮಾಸ್ಟರ್‌ಮೈಂಡ್ ಒಬ್ಬ, ಬೀಗ ತೆಗೆಯುವವನೊಬ್ಬ, ಮಾತಿನಲ್ಲಿ ಮರುಳು ಮಾಡುವವಳೊಬ್ಬಳು, ಮಾಲು ಹೇರಿಕೊಂಡು ಪರಾರಿಯಾಗುವ ಡ್ರೈವರ್ ಒಬ್ಬ. ಆದರೆ ಮೂವರಿಗೂ ಬೇಕಾದದ್ದು ಮಾಸ್ಟರ್‌ಮೈಂಡ್ ಪಾತ್ರವೇ! ಜೀಪು ನನ್ನದು ಎಂದ ರಾಜೀವ. ಬುದ್ಧಿ ನನ್ನದು ಎಂದಳು ಕೃತಿಕಾ. ಸಿನಿಮಾವೇ ನನ್ನದು ಎಂದ ವಿವೇಕ. ಗಲಾಟೆ ಜೋರಾಗಿ ಒಳಗಿನಿಂದ ಕೃಷ್ಣಯ್ಯನವರು, "ಈ ಮನೇಲಿ ಮಾಸ್ಟರ್ರು ಒಬ್ರೇ. ಅವ್ರಿಗೆ ಪೇಪರ್ ಓದೋಕೆ ಬಿಡ್ರೋ!" ಎಂದು ಕೂಗಿದರು.

ಆಗ ವಿವೇಕನ ತಲೆಯಲ್ಲಿ ಮಿಂಚು ಹೊಡೆಯಿತು. ಮಿಂಚು ಹೊಡೆದ ಮರದ ಗತಿ ಏನಾಗುತ್ತದೆಂದು ಮಲೆನಾಡಿನವನಾದ ಅವನಿಗೆ ನೆನಪಾಗಬೇಕಿತ್ತು, ಆಗಲಿಲ್ಲ.

"ಪಾತ್ರನ ಕೇಳಿ ತಗೋಬಾರ್ದು, ಕದ್ದು ತಗೋಬೇಕು! ಈ ಮನೆಯಿಂದ ಒಬ್ಬೊಬ್ರು ಒಂದೊಂದು ವಸ್ತು ಹಾರಿಸ್ಬೇಕು. ಯಾರಿಗೂ ಗೊತ್ತಾಗ್ಬಾರ್ದು. ಯಾರು ಅತಿ ಕಷ್ಟದ್ದು ಹಾರಿಸ್ತಾರೋ ಅವ್ರೇ ಮಾಸ್ಟರ್‌ಮೈಂಡ್. ಸಂಜೆ ಎಲ್ಲ ವಾಪಸ್ಸು ಇಟ್ರಾಯ್ತು."

ಕೃತಿಕಾ ಆಗಲೇ ಒಳಗೆ ಹೋಗಿದ್ದಳು. "ಸರ್, ಚೌರ್ಯ ತತ್ಸಮವಾ, ತದ್ಭವವಾ?" ಎಂದು ಕೇಳಿದಳು. ವ್ಯಾಕರಣ ಕೇಳುವ ಶಿಷ್ಯೆ ಸಿಕ್ಕಿ ಎಷ್ಟೋ ವರ್ಷವಾಗಿದ್ದ ಕೃಷ್ಣಯ್ಯನವರು ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು, ಕಣ್ಣು ಮುಚ್ಚಿ ಚೋರನಿಂದ ಶುರುಮಾಡಿದರು. ಕಣ್ಣು ಬಿಟ್ಟಾಗ ಶಿಷ್ಯೆಯೂ ಇರಲಿಲ್ಲ, ಕನ್ನಡಕವೂ ಇರಲಿಲ್ಲ.

ಅಷ್ಟರಲ್ಲಿ ಸುಬ್ಬಲಕ್ಷ್ಮಿ ಸ್ನಾನಕ್ಕೆ ಹೋದರು. ಬೀರುವಿನ ಕೀ ಅವರ ಸೆರಗಿನ ತುದಿಯಲ್ಲಿ ಸದಾ ಗಂಟು ಹಾಕಿಕೊಂಡಿರುತ್ತಿತ್ತು; ಸ್ನಾನದ ಹೊತ್ತಿನಲ್ಲಿ ಮಾತ್ರ ಬಚ್ಚಲಿನ ಹೊರಗೆ ಮೊಳೆಗೆ ನೇತಾಡುತ್ತಿತ್ತು. ನಿರ್ದೇಶಕ ಬೆಕ್ಕಿನ ಹೆಜ್ಜೆ ಇಟ್ಟು ಅದನ್ನು ಹಾರಿಸಿದ. ಅದೇ ಸಮಯಕ್ಕೆ ರಾಜೀವ ಅಡುಗೆಮನೆಗೆ ನುಗ್ಗಿದವನು, ಬೇರೇನೂ ತೋಚದೆ, ಆಗಷ್ಟೇ ಡಿಕಾಕ್ಷನ್ ಇಳಿಯುತ್ತಿದ್ದ ಕಾಫಿ ಫಿಲ್ಟರನ್ನೇ ಎತ್ತಿಕೊಂಡು ಬಂದ!

"ಥೂ, ಫಿಲ್ಟರ್ ಯಾಕೋ ತಂದೆ?"

"ಬಿಸಿ ಇತ್ತು ಮಾರಾಯ. ಅತಿ ಕಷ್ಟದ್ದೇ ತರ್ಬೇಕು ಅಂದ್ಯಲ್ಲ?"

ಮೂರೂ ವಸ್ತು ಒಂದು ಗೋಣಿಚೀಲ ಸೇರಿದವು. ನಿಜವಾದ ದರೋಡೆಯಲ್ಲಿ ಮಾಲು ಊರಿನಲ್ಲಿ ಇರಬಾರದೆಂದು ವಿವೇಕ ಅಪ್ಪಣೆ ಕೊಟ್ಟ. ಗೋಣಿಯನ್ನು ಜೀಪಿಗೆ ಹಾಕಿಕೊಂಡು ರಾಜೀವ, ಕೃತಿಕಾ ಕೊಟ್ಟಿಗೆಹಾರದ ಕಡೆ ಪರಾರಿಯಾದರು. ಅಲ್ಲಿ ನೀರುದೋಸೆ ತಿಂದು ಮರಳುವುದೆಂದು ಏರ್ಪಾಡು. ವಿವೇಕ ಜಗಲಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು, ತನ್ನ ಮಾಸ್ಟರ್‌ಮೈಂಡ್‌ತನವನ್ನು ತಾನೇ ಮೆಚ್ಚುತ್ತ ಕುಳಿತ.

ಆಗ ಫೋನು ಬಡಿದುಕೊಂಡಿತು.

ಎತ್ತಿದವರು ತಲೆ ಒರೆಸುತ್ತ ಬಂದ ಸುಬ್ಬಲಕ್ಷ್ಮಿ. "ಹಲೋ... ಹೌದು... ಅಯ್ಯೋ, ಬನ್ನಿ ಬನ್ನಿ, ಅದಕ್ಕೇನಂತೆ... ಇವತ್ತೇನಾ?... ಬನ್ನಿ..." ಅವರ ದನಿ ಪ್ರತಿ 'ಬನ್ನಿ'ಗೂ ಒಂದೊಂದು ಮೆಟ್ಟಿಲು ಇಳಿಯಿತು. ಫೋನಿಟ್ಟು ಅಲ್ಲೇ ಕುಳಿತರು. "ಕಳಸದೋರು. ಮೂಡಿಗೆರೆಗೆ ಉಪನಯನಕ್ಕೆ ಹೊರಟೋರಂತೆ. ಹ್ಯಾಗೂ ದಾರೀಲೇ ಅಲ್ದಾ, ಹುಡುಗಿ ನೋಡ್ಕೊಂಡೇ ಹೋಗ್ತೀವಿ ಅಂತಾರೆ. ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯ್ತಿದಾರಂತೆ!"

ವಿವೇಕನ ಮೇಲಿದ್ದ ಕಾಲು ಕೆಳಗಿಳಿಯಿತು.

ಅವನ ಅಕ್ಕ ವರ್ಷಿಣಿ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಹಿಂದೆ ನೋಡಲು ಬಂದವರಲ್ಲಿ ಒಬ್ಬರು ಹುಡುಗಿ ಎತ್ತರವಾಯಿತು ಎಂದಿದ್ದರು. ಇನ್ನೊಬ್ಬರು ಏನೂ ಹೇಳದೆ ಉಪ್ಪಿಟ್ಟು ತಿಂದು ಹೋಗಿದ್ದರು. ಆಮೇಲೆ ಅಕ್ಕ ಆ ಮಾತೇ ಎತ್ತುತ್ತಿರಲಿಲ್ಲ. ಕಳಸದ ಹುಡುಗ ಯಶವಂತ ದನದ ಡಾಕ್ಟರು. ಅವನು ಕರುವೊಂದರ ಪಕ್ಕ ನಿಂತಿದ್ದ ಫೋಟೋ ಬಂದಾಗ ಮಾತ್ರ ಅಕ್ಕ ಅದನ್ನು ಬಹಳ ಹೊತ್ತು ನೋಡಿ, "ಕರು ಮುದ್ದಾಗಿದೆ" ಎಂದಿದ್ದಳು. ಅಕ್ಕನ ಭಾಷೆಯಲ್ಲಿ ಅದು ಒಪ್ಪಿಗೆಗೆ ಕೂಗಳತೆ ದೂರ. ಇದೆಲ್ಲ ವಿವೇಕನಿಗೆ ಗೊತ್ತಿತ್ತು.

ಒಳಗೆ ಪ್ರಳಯ ಶುರುವಾಗಿತ್ತು.

"ಬೀರು ಕೀ ಎಲ್ಲಿ? ಅವಳ ರೇಷ್ಮೆ ಸೀರೆ, ಬೆಳ್ಳಿ ತಟ್ಟೆ ಎಲ್ಲ ಅದ್ರೊಳಗೇ ಇದೆ!"

"ನನ್ನ ಕನ್ನಡಕ ಎಲ್ಲಿ?"

"ಮೊದ್ಲು ಕೀ ಹುಡುಕಿ!"

"ಕನ್ನಡಕ ಇದ್ರೆ ತಾನೇ ಕೀ ಹುಡುಕೋದು?"

"ಅಯ್ಯಯ್ಯೋ, ಫಿಲ್ಟರ್ರೂ ಇಲ್ಲ! ಮಂಗ ಏನಾದ್ರೂ ಬಂದಿತ್ತಾ?"

"ಬಂದಿರ್ಬೇಕು," ಎಂದರು ಕೃಷ್ಣಯ್ಯ ಗೋಡೆ ತಡವುತ್ತ. "ಯಾವ್ದೋ ಮರದ ಮೇಲೆ ನನ್ನ ಕನ್ನಡಕ ಹಾಕ್ಕೊಂಡು ಕಾಫಿ ಸೋಸ್ತಾ ಕೂತಿರ್ತದೆ. ಕೀ ಯಾಕೆ ಒಯ್ತೋ ಗೊತ್ತಾಗ್ಲಿಲ್ಲ."

ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ವರ್ಷಿಣಿಯ ಎದುರು ವಿವೇಕ ಹೋಗಿ ನಿಂತ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಹಿಂಡುತ್ತಿದ್ದ ಟವೆಲ್ಲನ್ನು ಇನ್ನಷ್ಟು ಹಿಂಡಿದಳು. ಅದರಲ್ಲಿ ನೀರು ಮುಗಿದ ಮೇಲೂ ಹಿಂಡಿದಳು.

"ಸೀರೆ ಬೀರುವಲ್ಲಿದೆ. ಬೀರುವಿನ ಕೀ ಗೋಣೀಲಿದೆ. ಗೋಣಿ ಜೀಪಲ್ಲಿದೆ. ಜೀಪು?"

"ಕೊಟ್ಟಿಗೆಹಾರದಲ್ಲಿ. ನೀರುದೋಸೆ..."

"ಸಾಕು." ಅವಳು ಉಟ್ಟಿದ್ದ ಮಾಸಲು ಹತ್ತಿ ಸೀರೆಯತ್ತ ಒಮ್ಮೆ ನೋಡಿಕೊಂಡಳು. ಬಯ್ಯಲಿಲ್ಲ. ಬೈದಿದ್ದರೆ ವಿವೇಕನಿಗೆ ಎಷ್ಟೋ ಸುಖವಾಗುತ್ತಿತ್ತು. "ಹೋಗೋ," ಎಂದಳು, "ಅವ್ರು ಬರೋದ್ರೊಳಗೆ ತರೋಕಾದ್ರೆ ತಾ."

ವಿವೇಕ ಸೈಕಲ್ ಹತ್ತಿ ಹೆದ್ದಾರಿಗೆ ಬಂದ. ಬಂದು ಇನ್ನೂ ಸೀಟಿನ ಮೇಲೆ ಸರಿಯಾಗಿ ಕೂತಿರಲಿಲ್ಲ, ಎದುರಿನಿಂದ ಹಾರ್ನ್ ಹೊಡೆಯುತ್ತ ರಾಜೀವನ ಜೀಪು ಬಂತು! ದೇವರು ದೊಡ್ಡವನು ಎಂದುಕೊಂಡ. ಜೀಪು ಹತ್ತಿರ ಬಂದಾಗ ದೇವರ ಬಗ್ಗೆ ಅಭಿಪ್ರಾಯ ಬದಲಾಯಿತು. ಹಿಂದಿನ ಸೀಟಿನಲ್ಲಿ ಕೃತಿಕಾಳ ಜೊತೆ ರೇಷ್ಮೆ ಸೀರೆಯ ಹಿರಿಯ ಹೆಂಗಸೊಬ್ಬರು, ಜರಿ ಶಲ್ಯದ ಬಕ್ಕತಲೆಯವರೊಬ್ಬರು, ಮತ್ತು ಫೋಟೋದಲ್ಲಿ ಕರುವಿನ ಪಕ್ಕ ಇದ್ದ ಯುವಕ!

"ಬಸ್ ಬಂದಿಲ್ಲ ಅಂತ ನಿಂತಿದ್ರು ಮಾರಾಯ. ನಿಮ್ಮನೆಗೇ ಅಂದ್ರು. ಹತ್ತಿಸ್ಕೊಂಡು ಬಂದೆ," ಎಂದ ರಾಜೀವ, ಪುಣ್ಯ ಸಂಪಾದಿಸಿದ ಮುಖ ಮಾಡಿ. ವಿವೇಕ ಕಣ್ಣಿನಲ್ಲೇ 'ಗೋಣಿ! ಗೋಣಿ!' ಎಂದ. ಆಟ ಇನ್ನೂ ನಡೆಯುತ್ತಿದೆ ಎಂದುಕೊಂಡ ರಾಜೀವ ಅದನ್ನು ಶಹಭಾಸ್‌ಗಿರಿ ಎಂದು ತಿಳಿದು ಕಣ್ಣು ಹೊಡೆದ. "ಹೆದರ್ಬೇಡ, ಮಾಲು ಸೀಟಿನ ಕೆಳಗೆ ಭದ್ರವಾಗಿದೆ," ಎಂದು ಪಿಸುಗುಟ್ಟಿ ಮುಂದೆ ಹೋದ.

ಹುಡುಗನ ತಾಯಿ ಗಿರಿಜಾಂಬಾ ಜಗಲಿ ಹತ್ತಿ, ಚಾಪೆಯ ಮೇಲೆ ಕುಳಿತು, ನೀರು ಕುಡಿದು, ಎದೆಯ ಮೇಲೆ ಕೈಯಿಟ್ಟುಕೊಂಡರು.

"ನಮ್ಮ ಜೀವ ಉಳಿದದ್ದೇ ದೊಡ್ಡದು ಸುಬ್ಬಲಕ್ಷ್ಮಮ್ಮ! ಆ ಹುಡುಗ ಜೀಪು ಓಡಿಸ್ತಾನೋ, ಹಾರಿಸ್ತಾನೋ! ಒಂದು ತಿರುವಲ್ಲಿ ನಾನು ಬೀಳೋ ಹಾಗಾಯ್ತು. ಈ ಹುಡುಗಿ ನೋಡಿದ್ರೆ ನನ್ನನ್ನ ಹಿಡಿಯೋದು ಬಿಟ್ಟು ಅದೆಂತದೋ ಚೀಲ ತಬ್ಬಿಕೊಂಡು ಕೂತಿದ್ಲು. ಅವ್ನು ತಿರುಗಿ ನೋಡಿ 'ಗೋಣಿ ಬಿಡು, ಮಾರಾಯ್ತಿ, ಗೋಣಿ ಬಿಡು' ಅಂತ ಕಿರುಚಿದ. ನನಗೆ ಕೇಳಿದ್ದು ಗೋಣಿಬೀಡು! ಬಣಕಲ್ಲು ದಾಟಿ, ಮೂಡಿಗೆರೆ ದಾಟಿ ಗೋಣಿಬೀಡಿಗೆ ಯಾಕಪ್ಪಾ ಹೊತ್ಕೊಂಡು ಹೋಗ್ತೀಯಾ, ನಾವು ಬಡವ್ರು, ಇಲ್ಲೇ ಇಳಿಸು ಅಂತ ನಾನು ಕೂಗೋಕೆ ಶುರುಮಾಡ್ದೆ. ನಾನು ಕೂಗಿದಷ್ಟೂ ಅವ್ನು ಜೋರು ಓಡಿಸ್ದ!"

"ನಿಮಗೆ ಎದೆನೋವು ಅಂದ್ಕೊಂಡೆ ಅಮ್ಮ," ಎಂದ ರಾಜೀವ ಬಾಗಿಲ ಸಂದಿಯಿಂದ.

ಕನ್ನಡಕವಿಲ್ಲದ ಕೃಷ್ಣಯ್ಯನವರು ಇಷ್ಟರಲ್ಲಿ ವರನನ್ನು ಅಂದಾಜಿನ ಮೇಲೆ ಗುರುತಿಸಿ, ಅವನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಿದ್ದರು. ದುರದೃಷ್ಟಕ್ಕೆ ಅದು ಹುಡುಗನ ಸೋದರಮಾವ, ಬಕ್ಕತಲೆಯ ಚನ್ನಕೇಶವಯ್ಯ.

"ಸಂಕೋಚ ಬೇಡಪ್ಪ, ನಿಮ್ಮ ಮನೆ ಅಂತಲೇ ತಿಳ್ಕೊ. ಓದಿದ್ದು ಎಲ್ಲೀವರೆಗೆ?"

"ಏಳನೇ ಕ್ಲಾಸು," ಎಂದರು ಚನ್ನಕೇಶವಯ್ಯ ಪ್ರಾಮಾಣಿಕವಾಗಿ. "ಅದೂ ಪೂರ್ತಿ ಅಲ್ಲ."

ಕೃಷ್ಣಯ್ಯನವರ ಮುಖ ಬಾಡಿತು. "ಡಾಕ್ಟರ್ ಅಂದಿದ್ರಲ್ಲ..."

"ಸಕ್ಕರೆ ಕಾಯಿಲೆ ಡಾಕ್ಟರನ್ನೇ ಕೇಳ್ತಿದೀರಾ? ಹಾಸನದಲ್ಲಿ ಒಬ್ರಿದಾರೆ."

ಅಡುಗೆಮನೆಯಲ್ಲಿ ಸುಬ್ಬಲಕ್ಷ್ಮಿ ಕಾಫಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಸೋಸಲು ಹೆಣಗುತ್ತಿದ್ದರು. ಕಾಫಿ ಸೀಮೆಯಲ್ಲಿ ಬೀಗರ ಎದುರು ಇಂಥ ಕಾಫಿ ಇಡುವುದಕ್ಕಿಂತ ಕೆರೆಗೆ ಬೀಳುವುದು ಮೇಲು ಎಂದು ಅವರ ಬೆನ್ನೇ ಹೇಳುತ್ತಿತ್ತು. ವಿವೇಕ ಸದ್ದಿಲ್ಲದೆ ಅಂಗಳಕ್ಕೆ ಇಳಿದ. ಗೋಣಿಯನ್ನು ಹಿಂಬಾಗಿಲಿನಿಂದ ಒಳಗೆ ತಂದರೆ ಎಲ್ಲ ಸರಿಹೋಗುತ್ತದೆ. ಜೀಪಿನ ಸೀಟಿನ ಕೆಳಗೆ ಕೈಹಾಕಿದ. ಖಾಲಿ!

ಏಕೆಂದರೆ ಯಶವಂತ ಬಹಳ ಒಳ್ಳೆಯ ಹುಡುಗ. ತಾಯಿಯ ಚೀಲ, ಮಾವನ ಕೊಡೆ, ಹಣ್ಣಿನ ಬುಟ್ಟಿ ಎಲ್ಲವನ್ನೂ ಇಳಿಸುವಾಗ ಗೋಣಿಯನ್ನೂ ಇಳಿಸಿಕೊಂಡು ಹೋಗಿ, ಈಗ ಜಗಲಿಯ ನಟ್ಟನಡುವೆ ನಿಂತಿದ್ದ.

"ಇದು ನಮ್ದಲ್ಲ. ಈ ಮನೇದೇ ಇರ್ಬೇಕು, ಅಲ್ವಾ?"

"ಬಿಚ್ಚಬೇಡಿ!" ಎಂದು ವಿವೇಕ, ರಾಜೀವ, ಕೃತಿಕಾ ಮೂವರೂ ಒಟ್ಟಿಗೆ ಕೂಗಿದರು. ಹಾಗೆ ಕೂಗಿದರೆ ಯಾರು ತಾನೇ ಕೈಬಿಡುವುದಿಲ್ಲ? ಗೋಣಿ ಧೊಪ್ಪನೆ ಬಿತ್ತು. ಬಾಯಿ ಬಿಚ್ಚಿಕೊಂಡಿತು. ಹಿತ್ತಾಳೆಯ ಫಿಲ್ಟರ್ ಗಡಗಡನೆ ಉರುಳಿ, ನೆಲದ ಮೇಲೆ ಡಿಕಾಕ್ಷನ್ನಿನ ಗೆರೆ ಎಳೆಯುತ್ತ, ತಟ್ಟೆ ಹಿಡಿದು ಹೊರಬಂದ ಸುಬ್ಬಲಕ್ಷ್ಮಿಯ ಪಾದಕ್ಕೆ ನಮಸ್ಕಾರ ಮಾಡಿತು. ಅದರ ಹಿಂದೆಯೇ ಕೀ. ಅದರ ಹಿಂದೆ ಕನ್ನಡಕ.

"ನಮ್ಮ ಫಿಲ್ಟರ್!" ಎಂದರು ಸುಬ್ಬಲಕ್ಷ್ಮಿ.

ಗಿರಿಜಾಂಬಾ ನಿಧಾನವಾಗಿ ರಾಜೀವನ ಕಡೆ ತಿರುಗಿದರು, ಆಮೇಲೆ ಕೃತಿಕಾಳ ಕಡೆ. "ಅಂದ್ರೆ... ನಾವು ಕಳ್ಳರ ಜೀಪಿನಲ್ಲಿ ಬಂದ್ವಾ?"

ರಾಜೀವನ ಕಿವಿ ಕೆಂಪಾಯಿತು. ಕೃತಿಕಾಳ ಸಿಹಿ ಬಾಯಿಗೂ ಬೀಗ ಬಿತ್ತು. ವಿವೇಕ ಒಂದು ಮಾತೂ ಆಡದಿದ್ದರೆ ಸಾಕಿತ್ತು. ಎಸ್ಟೇಟಿನ ಹುಡುಗರ ತುಂಟಾಟ ಎಂದು ಬೀಗರು ಅಂದುಕೊಳ್ಳುತ್ತಿದ್ದರು, ಮನೆಯ ಮರ್ಯಾದೆ ಉಳಿಯುತ್ತಿತ್ತು, ಅಕ್ಕನ ಸಂಬಂಧವೂ ಉಳಿಯುತ್ತಿತ್ತು. ಆದರೆ ಸ್ನೇಹಿತರಿಬ್ಬರೂ ಬಾಯಿ ಬಿಡದೆ ಅವನ ಪಾಲಿನ ಏಟಿಗೂ ತಲೆಯೊಡ್ಡಿ ನಿಂತಿದ್ದರು. ಅದನ್ನು ನೋಡಲಾಗಲಿಲ್ಲ.

"ಅವ್ರದ್ದಲ್ಲ, ತಪ್ಪು ನಂದು," ಎಂದ. ದನಿ ಕೋಳಿಮರಿಯದಾಗಿತ್ತು. "ಕದಿಯೋಕೆ ಹೇಳಿದ್ದು ನಾನು. ಕೀ ಕದ್ದಿದ್ದೂ ನಾನೇ. ಸಿನಿಮಾಕ್ಕೆ ಪಾತ್ರ ಹಂಚೋಕೆ... ನೀವು ಬರ್ತೀರಿ ಅಂತ ಗೊತ್ತಿರ್ಲಿಲ್ಲ. ಅಕ್ಕನಿಗೆ ಇದೊಂದೂ ಗೊತ್ತಿಲ್ಲ. ಅವ್ಳು ಬಹಳ ಒಳ್ಳೇವ್ಳು. ದಯವಿಟ್ಟು ನನ್ನ ನೋಡಿ ಅವಳನ್ನ ಬೇಡ ಅನ್ಬೇಡಿ."

ಕೃಷ್ಣಯ್ಯನವರು ನೆಲದಿಂದ ಕನ್ನಡಕ ಎತ್ತಿ ಹಾಕಿಕೊಂಡು, ತಾವು ಕೈಹಿಡಿದಿದ್ದವರ ಬಕ್ಕತಲೆಯನ್ನು ದಿಟ್ಟಿಸಿ ನೋಡಿ, "ಸದ್ಯ!" ಎಂದು ದೀರ್ಘವಾಗಿ ಉಸಿರುಬಿಟ್ಟರು.

ಆಗ ವರ್ಷಿಣಿ ಹೊರಗೆ ಬಂದಳು. ಅದೇ ಹತ್ತಿ ಸೀರೆ, ತುರುಬಿನಲ್ಲಿ ಹೂವಿಲ್ಲ, ಕೈಯಲ್ಲಿ ನೆಲ ಒರೆಸುವ ಬಟ್ಟೆ. ಡಿಕಾಕ್ಷನ್ನಿನ ಗೆರೆಯನ್ನು ಒರೆಸಿದಳು, ಫಿಲ್ಟರನ್ನು ಎತ್ತಿಕೊಂಡಳು, ಗಿರಿಜಾಂಬಾ ಅವರ ಕಡೆ ತಿರುಗಿ ಶಾಂತವಾಗಿ ಹೇಳಿದಳು.

"ಫಿಲ್ಟರ್ ಸಿಕ್ತಲ್ಲ, ಈಗ ಕಾಫಿ ತರ್ತೀನಿ. ಹಿರಿಯರಿಗೆ ಮೊದ್ಲು. ಕಳ್ಳರಿಗೆ ಕೊನೆಗೆ."

ಗಿರಿಜಾಂಬಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ತುಟಿ ಬಿಗಿಹಿಡಿದರು. ಹಿಡಿದದ್ದು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರ ನಗು ಚನ್ನಕೇಶವಯ್ಯನವರಿಗೆ ಹತ್ತಿತು, ಅಲ್ಲಿಂದ ಇಡೀ ಜಗಲಿಗೆ ಹಬ್ಬಿತು. ಯಶವಂತ ನಗುತ್ತಲೇ ವರ್ಷಿಣಿಯನ್ನು ಕೇಳಿದ:

"ಸಹಾಯಕ್ಕೆ ಬಂದು ಸಿಕ್ಕಿಬಿದ್ದೋರಿಗೆ ಕಾಫಿ ಯಾವಾಗ?"

"ಗೋಣಿ ಹೊತ್ತೋರಾ?" ಎಂದಳು ಅವಳು. "ಅವ್ರು ಎರಡೂ ಪಂಕ್ತಿಗೆ ಕೂರ್ಬಹುದು."

ಆ ದಿನ ಕಳಸದವರು ಉಪನಯನದ ಊಟಕ್ಕೆ ತಲುಪಲೇ ಇಲ್ಲ. ಎರಡನೇ ಸುತ್ತಿನ ಕಾಫಿಯ ಹೊತ್ತಿಗೆ ಚನ್ನಕೇಶವಯ್ಯನವರು ಮೆಣಸು ಕಳೆದುಕೊಳ್ಳುವ ಸಾಹುಕಾರನ ಪಾತ್ರ ತಮಗೇ ಬೇಕೆಂದು ಹಟ ಹಿಡಿದಿದ್ದರು. ಸುಬ್ಬಲಕ್ಷ್ಮಿ ಕೀಯನ್ನು ಸೆರಗಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕುತ್ತ, "ಹೆಸರು ಏನಂತ ಇಟ್ಟಿದೀರೋ?" ಎಂದು ಕೇಳಿದರು. ನಿರ್ದೇಶಕ 'ಮಹಾ' ಎಂದು ಬಾಯಿ ತೆಗೆಯುವುದರೊಳಗೆ ಗಿರಿಜಾಂಬಾ ತೀರ್ಪು ಕೊಟ್ಟರು: "'ಗೋಣಿ ಬಿಡು' ಅಂತಿಡಿ! ನನ್ನ ಪ್ರಾಣ ಹಿಂಡಿದ ಹೆಸರು, ಅದೂ ಒಂದು ಕೆಲ್ಸಕ್ಕೆ ಬರ್ಲಿ."

ಹೊರಡುವಾಗ ಕೃಷ್ಣಯ್ಯನವರು ಅಳುಕುತ್ತ, "ತಮ್ಮ ಅಭಿಪ್ರಾಯ..." ಎಂದರು.

"ಹುಡುಗಿ ಒಪ್ಪಿಗೆ," ಎಂದರು ಗಿರಿಜಾಂಬಾ. "ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ. ಒಂದೇ ಷರತ್ತು. ಮದುವೆ ದಿನ ಹುಡುಗಿಯ ತಮ್ಮನನ್ನ ಉಗ್ರಾಣದ ಹತ್ರ ಬಿಡ್ಬೇಡಿ!"

'ಗೋಣಿ ಬಿಡು' ಚಿತ್ರ ತಿಮ್ಮಪ್ಪಗೌಡರ ಗೋಡೌನಿನಲ್ಲಿ ತಯಾರಾಯಿತು. ಮಾಸ್ಟರ್‌ಮೈಂಡ್ ಆಗಿ ಕೃತಿಕಾ ಮಿಂಚಿದಳು. ವಿವೇಕನಿಗೆ ಕೊನೆಗೆ ಸಿಕ್ಕಿದ್ದು ಮೂಟೆ ಹೊರುವ ಪಾತ್ರ. ಚಿಕ್ಕಮಗಳೂರಿನಲ್ಲಿ ಸಮಾಧಾನಕರ ಬಹುಮಾನವೂ ಬಂತು. ತೀರ್ಪುಗಾರರೊಬ್ಬರು ಹೆಸರು ನೋಡಿ ಅದನ್ನು ಗೋಣಿಬೀಡಿನ ಗ್ರಾಮೀಣಾಭಿವೃದ್ಧಿಯ ಸಾಕ್ಷ್ಯಚಿತ್ರವೆಂದು ತಿಳಿದು ಅಂಕ ಕೊಟ್ಟಿದ್ದರು ಎಂಬುದನ್ನು ತಂಡ ಯಾರಿಗೂ ಹೇಳಲಿಲ್ಲ.

ವೈಶಾಖದಲ್ಲಿ ಮದುವೆ. ಬೀಗರ ಷರತ್ತಿನ ಪ್ರಕಾರ ವಿವೇಕನನ್ನು ಉಗ್ರಾಣದಿಂದ, ಅಡುಗೆಮನೆಯಿಂದ, ಉಡುಗೊರೆಯ ಮೇಜಿನಿಂದ ದೂರವಿಟ್ಟು, ಛತ್ರದ ಬಾಗಿಲಲ್ಲಿ ಚಪ್ಪಲಿ ಕಾಯಲು ಕೂರಿಸಿದರು. ಮಹಾಚೌರ್ಯದ ಕರ್ತೃ ಬೆಳಗಿನಿಂದ ರೆಪ್ಪೆ ಹೊಡೆಯದೆ ಕಾದ. ಕಳಸದವರದ್ದು, ಬಣಕಲ್ಲಿನವರದ್ದು, ಒಂದು ಜೊತೆಯೂ ಕಳುವಾಗಲಿಲ್ಲ! ಗಿರಿಜಾಂಬಾ ತಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಪರ್ವಾಗಿಲ್ಲಪ್ಪ, ಸುಧಾರಿಸಿದೀಯ," ಎಂದು ಬೆನ್ನು ತಟ್ಟಿದರು.

ಅಕ್ಕ ಕಾರು ಹತ್ತಿದಳು. ಸುಬ್ಬಲಕ್ಷ್ಮಿ ಅಳುತ್ತಿದ್ದರು. ಕೃಷ್ಣಯ್ಯನವರು ಕನ್ನಡಕ ಒರೆಸುವ ನೆಪದಲ್ಲಿ ಅಳುತ್ತಿದ್ದರು. ವರ್ಷಿಣಿ ಕಣ್ಣು ತುಂಬಿಕೊಂಡು ಕಿಟಕಿಯಿಂದ ತಮ್ಮನಿಗಾಗಿ ಕೈಚಾಚಿದಳು. ವಿವೇಕ ಗುಂಪಿನ ನಡುವಿನಿಂದ ಕುಪ್ಪಳಿಸುತ್ತ ಬಂದು ಆ ಕೈ ಹಿಡಿದುಕೊಂಡ. ಕುಪ್ಪಳಿಸುವುದು ಯಾಕೆಂದು ಅವಳು ಕೆಳಗೆ ನೋಡಿದಳು. ಸುಡುವ ಡಾಂಬರಿನ ಮೇಲೆ ಬರಿಗಾಲು!

"ಲೋ... ಚಪ್ಪಲಿ ಎಲ್ಲೋ?"

ವಿವೇಕ ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟ.

"ಎಲ್ಲಾರದ್ದೂ ಕಾದೆ ಕಣೇ," ಎಂದ. "ನಂದು ಯಾರೋ ಹೊತ್ಕೊಂಡು ಹೋದ್ರು."